ಹಿಂಬಾಗಿಲ ಬೀಗ

ಇದು ಕಟ್ಟುಕತೆ ಅನ್ನೋರು ಈಗಲೇ ಎದ್ದು ಹೋಗಿ ಮಲಗಿಬಿಡಿ. ಮಧ್ಯದಲ್ಲಿ ಕಿಸಕ್ಕಂತ ನಕ್ಕರೆ ನನಗೆ ಸಿಟ್ಟು ಬರುತ್ತೆ. ಇದು ನಡೆದದ್ದು ಯಾರೋ ಗೊತ್ತಿಲ್ಲದವರಿಗಲ್ಲ, ನಮ್ಮ ದೊಡ್ಡಮ್ಮನ ಮಗಳಿಗೆ. ನಾವೆಲ್ಲ ಅವಳನ್ನ ಅಕ್ಕ ಅಂತಲೇ ಕರೆಯೋದು.

ಅಕ್ಕ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯೋ ಕೆಲಸಕ್ಕಿದ್ದಾಳೆ. ಆಳೆತ್ತರದ ಯಂತ್ರಗಳು, ದಿನಕ್ಕೆ ನಾನೂರು ಬೆಡ್‌ಶೀಟು. ಪಾಳಿ ಮುಗಿಯೋದು ರಾತ್ರಿ ಹತ್ತೂವರೆಗೆ. ಮನೆಗೆ ಬರೋ ದಾರೀಲಿ ಒಂದು ಪಕ್ಕಕ್ಕೆ ಹಳೇ ಬಾವಿ, ಇನ್ನೊಂದು ಪಕ್ಕಕ್ಕೆ ಪ್ಲಾಸ್ಟಿಕ್ ಮರುಬಳಕೆ ಕಾರ್ಖಾನೆಯ ಹಿಂದಿನ ಗೋಡೆ. ಕಾರ್ಖಾನೆ ಅಂದ್ರೆ ಆಗ ಬರೀ ಕರಿ ಕಂಬ, ಸೊಟ್ಟಗಾದ ತಗಡು. ಎರಡು ವರ್ಷದಲ್ಲಿ ಮೂರು ಸಲ ಬೆಂಕಿ ಬಿದ್ದಿತ್ತು. ಬಾಟಲಿ ರಾಶಿಯೊಳಗೆ ಎಲ್ಲಿಂದಲೋ ಹಳೇ ಮೊಬೈಲ್ ಬ್ಯಾಟರಿ ಸೇರಿಕೊಳ್ಳೋದು, ಯಂತ್ರದ ಹಲ್ಲಿಗೆ ಅದು ಸಿಕ್ಕೋದು... ಟಪ್! ಅಷ್ಟೇ. ಮೂರನೇ ಸಲ ನಾಲ್ಕು ದಿನ ಉರೀತು. ಬೀದಿಯವರೆಲ್ಲ ಕಿಟಕಿ ಸಂದಿಗೆ ಒದ್ದೆ ಬಟ್ಟೆ ತುರುಕಿಕೊಂಡು ಕೂತರು. ಬಾವಿ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಟ್ಟಿತು. ಅಕ್ಕನ ಆರು ವರ್ಷದ ಮಗಳಿಗೆ ಆಗ ಹಿಡಿದ ಉಬ್ಬಸ ಬಿಟ್ಟೇ ಇಲ್ಲ. ಮಲಗಿದ್ರೆ ಎದೆಯೊಳಗಿಂದ ಸುಂಯ್... ಸುಂಯ್... ಅಂತ.

ಬೆಂಕಿ ಆರಿದ ಮೇಲೆ ಕಾರ್ಖಾನೆಯವರು ಹೇಳಿದ್ದು ಒಂದೇ ಮಾತು. "ಒಳಗೆ ಯಾರೂ ಇರಲಿಲ್ಲ. ಪುಣ್ಯ."

ಅಲ್ಲಿ ರಾತ್ರಿ ಕಾವಲಿಗೆ ಒಬ್ಬ ಮುದುಕ ಇದ್ದ. ದಾರೀಲಿ ಹೋಗೋರ ಮುಖಕ್ಕೆಲ್ಲ ಟಾರ್ಚ್ ಬಿಟ್ಟು, ಆಮೇಲೆ "ಓ, ನೀನಾ ತಾಯಿ, ಹೋಗು ಹೋಗು" ಅನ್ನೋನು. ಅದಕ್ಕೇ ಅವನು ಟಾರ್ಚ್ ತಾತ. ಹಿಂದೆ ಮುಂದೆ ಯಾರೂ ಇಲ್ಲದ ಒಂಟಿ ಜೀವ. ಬೆಂಕಿ ಬೀಳೋ ಹಿಂದಿನ ದಿನವೇ ಅವನು ಕೆಲಸ ಬಿಟ್ಟು ಊರಿಗೆ ಹೋದ ಅಂದ ಮ್ಯಾನೇಜರು. ಹೋಗಿರಬಹುದು ಅಂದ್ಕೊಂಡ್ರು ಎಲ್ಲರೂ. ಅಕ್ಕನೂ ಅಷ್ಟೇ.

ಎಪ್ಪತ್ತು ದಿನ ಕಳೀತು. ಕಾರ್ಖಾನೆ ಮತ್ತೆ ತೆರೀಬೇಕೋ ಬೇಡವೋ ಅಂತ ಜನರನ್ನ ಕೇಳೋಕೆ ಸರ್ಕಾರದವರು ಶಾಲೆಯ ಹಾಲ್‌ನಲ್ಲಿ ಒಂದು ಸಭೆ ಕರೆದಿದ್ರು. ಬೆಳಗಾದ್ರೆ ಸಭೆ. ಅಲ್ಲಿ ಏನು ಹೇಳಬೇಕು, ಹೇಳಿದ್ರೆ ಕೇಳೋರು ಯಾರು ಅಂತ ಯೋಚಿಸ್ತಾ ಅಕ್ಕ ಆ ರಾತ್ರಿ ಬರ್ತಿದ್ಲು. ಒಂದು ಎಲೆ ಅಲ್ಲಾಡ್ತಿರಲಿಲ್ಲ. ಬಾವಿ ಹತ್ತಿರ ಬಂದಳು...

ಧಡ್. ಧಡ್. ಧಡ್.

ಗೋಡೆಯ ಆ ಕಡೆಯಿಂದ. ಕಬ್ಬಿಣದ ಬಾಗಿಲಿಗೆ ಅಂಗೈಲಿ ಬಡಿದ ಹಾಗೆ. ಪ್ರತಿ ಸಲವೂ ಅದರ ಬೆನ್ನಿಗೇ ಸರಪಳಿ ಕುಲುಕೋ ಸದ್ದು... ಕಿಣಿಕಿಣಿ.

ಅಕ್ಕ ನಿಂತಳು. ಸದ್ದೂ ನಿಂತಿತು.

ತಿರುಗಿ ನೋಡ್ತಾಳೆ... ಬಾವಿಕಟ್ಟೆ ಮೇಲೆ ಟಾರ್ಚ್ ತಾತ ಕೂತಿದ್ದಾನೆ.

ಹೆದರಿಕೆ ಆಗಲಿಲ್ವಂತೆ. ಮೊದಲು ಬಂದದ್ದು ಸಿಟ್ಟು. "ಏನ್ ತಾತ! ಹೇಳದೆ ಕೇಳದೆ ಎಲ್ಲಿ ಹಾಳಾಗಿ ಹೋಗಿದ್ದೆ?"

"ನೀರು..." ಅಂದ. ಒಣ ಕಾಗದ ಉಜ್ಜಿದ ಹಾಗಿತ್ತು ದನಿ.

"ಈ ಬಾವೀದು ಕುಡಿಯೋ ಹಾಗಿಲ್ಲ. ಇರು." ಚೀಲದಿಂದ ಬಾಟಲಿ ತೆಗೆದು ಅವನ ಬೊಗಸೆಗೆ ಹುಯ್ದಳು.

ಚುಂಯ್...

ಕಾದ ಹೆಂಚಿನ ಮೇಲೆ ನೀರು ಬಿದ್ದ ಸದ್ದು. ಬೊಗಸೆಯಿಂದ ಆವಿ ಎದ್ದಿತು. ನೆಲಕ್ಕೆ ಒಂದು ಹನಿ ಬೀಳಲಿಲ್ಲ.

ಆಗ ಗೊತ್ತಾಯ್ತು ಅಕ್ಕನಿಗೆ. ಓಡಿಬಿಡಬೇಕು ಅನ್ನಿಸ್ತಂತೆ. ಅಷ್ಟರಲ್ಲಿ ಇನ್ನೊಂದು ಹೊಳೀತು. ಎಪ್ಪತ್ತು ದಿನದಲ್ಲಿ, ಈ ಮುದುಕ ಎಲ್ಲಿ ಅಂತ ಯಾರಾದ್ರೂ ಒಬ್ಬರು ಕೇಳಿದ್ರಾ? ನಾನು ಕೇಳಿದ್ನಾ? ಓಡಲಿಲ್ಲ ಅವಳು.

"ತಾತ... ನೀನು ಊರಿಗೆ ಹೋಗಲಿಲ್ವಾ?"

"ಎಲ್ಲಿಗೆ ಹೋಗ್ಲಿ ತಾಯಿ... ಹಿಂಬಾಗಿಲಿಗೆ ಹೊರಗಿಂದ ಬೀಗ..."

"ಯಾರು ಹಾಕಿದ್ದು?"

"ಮ್ಯಾನೇಜರು... ಮಾಲು ಕಳುವಾಗುತ್ತೆ ಅಂತ... ದಿನಾ."

"ಈಗ ಎಲ್ಲಿದ್ದೀಯ?"

"ಅಲ್ಲೇ... ತಗಡಿನ ಕೆಳಗೆ."

ಅಷ್ಟೇ. ಕಟ್ಟೆ ಖಾಲಿ.

ಮನೆಗೆ ಬಂದು ಭಾವನ ಹತ್ತಿರ ಎಲ್ಲ ಹೇಳಿದಳು. ಭಾವ ಬಸ್ಸು ರಿಪೇರಿ ಮಾಡೋ ಮನುಷ್ಯ, ಕಣ್ಣಿಗೆ ಕಂಡದ್ದು ಬಿಟ್ಟು ಬೇರೇನೂ ನಂಬೋನಲ್ಲ. "ಸಭೇಲಿ ಇದನ್ನೆಲ್ಲ ಬಾಯಿ ಬಿಡಬೇಡ ಮಾರಾಯ್ತಿ. ಹುಚ್ಚಿ ಅಂತಾರೆ" ಅಂದ.

"ಅನ್ನಲಿ ಬಿಡಿ. ಹುಚ್ಚಿ ಅಂದ್ರೆ ನನ್ನ ಮೈಯೇನು ತೂತು ಬೀಳುತ್ತಾ? ಒಂದ್ಸಲ ಮಗೂ ಎದೆಗೆ ಕಿವಿ ಇಡಿ. ಆಮೇಲೂ ಸುಮ್ನಿರು ಅನ್ನೋಕೆ ಬಾಯಿ ಬಂದ್ರೆ ಅನ್ನಿ."

ಭಾವ ಕಿವಿ ಇಟ್ಟ. ಸುಮ್ಮನಾದದ್ದು ಅವನೇ.

ಬೆಳಿಗ್ಗೆ ಹಾಲ್ ತುಂಬಿತ್ತು. ಮ್ಯಾನೇಜರು ಗೋಡೆ ಮೇಲೆ ಚಿತ್ರ ಬಿಟ್ಟು ತೋರಿಸಿದ. ಹೊಸ ಯಂತ್ರ, ನೀರು ಚಿಮ್ಮಿಸೋ ಕೊಳವೆ, ಗೇಟಿನ ಎರಡೂ ಕಡೆ ಹೂವಿನ ಗಿಡ. "ದೇವರ ದಯೆ, ಒಂದು ಜೀವಕ್ಕೂ ಅಪಾಯ ಆಗಲಿಲ್ಲ" ಅಂತ ಕೈ ಬೇರೆ ಮುಗಿದ.

ಅಕ್ಕ ಎದ್ದು ನಿಂತಳು. ಮುಂದೆ ಕೂತಿದ್ದ ಅಧಿಕಾರಿ ಹೆಂಗಸಿಗೆ ನೇರವಾಗಿ ಹೇಳಿದಳು. "ಮೇಡಂ, ಹಿಂಬಾಗಿಲ ಹತ್ತಿರ ಬಿದ್ದಿರೋ ತಗಡು ಎತ್ತಿಸಿ. ಅದರ ಕೆಳಗೆ ಕಾವಲುಗಾರ ತಾತ ಇದ್ದಾನೆ."

"ಯಾರು ಹೇಳಿದ್ರು ನಿಮಗೆ?"

"ಅವನೇ ಹೇಳಿದ. ನಿನ್ನೆ ರಾತ್ರಿ, ಬಾವಿ ಹತ್ತಿರ."

ಹಿಂದೆ ಯಾರೋ ಕಿಸಕ್ ಅಂದರು. ಮ್ಯಾನೇಜರು ಮಾತ್ರ ನಗಲಿಲ್ಲ. ಧಡಕ್ಕನೆ ಎದ್ದ. "ಸುಳ್ಳು! ನಿನ್ನೆ ರಾತ್ರಿ ಅವನು ಹೇಗ್ರೀ ಹೇಳ್ತಾನೆ? ಅವನು..."

ಅಲ್ಲಿಗೆ ಬಾಯಿ ಮುಚ್ಚಿಕೊಂಡ. ತಲೆ ಮೇಲೆ ಫ್ಯಾನು ಕಟಕ್... ಕಟಕ್... ಅಂತ ತಿರುಗ್ತಿತ್ತು.

"ಅವನು?" ಅಂದಳು ಅಕ್ಕ. "ನಿಲ್ಲಿಸಿದ್ದು ಯಾಕೆ, ಹೇಳಿ. ಕೆಲಸ ಬಿಟ್ಟು ಊರಿಗೆ ಹೋದೋನು ಒಂದು ದಿನ ವಾಪಸ್ ಬರಬಾರದಾ? ಅವನು ಏನು?"

ಮ್ಯಾನೇಜರು ತನ್ನ ಕಾಗದಗಳನ್ನ ಚೀಲಕ್ಕೆ ತುಂಬೋಕೆ ಶುರುಮಾಡಿದ.

ಅಕ್ಕ ಉತ್ತರಕ್ಕೆ ಕಾಯಲಿಲ್ಲ. ಹಾಲ್‌ನಿಂದ ಹೊರಟವಳು ಸೀದಾ ಕಾರ್ಖಾನೆ ಗೇಟಿಗೆ ಹೋದಳು. ಹಿಂದೆ ಇಡೀ ಬೀದಿ. ಕೆಮ್ಮೋರು ಕೆಮ್ತಾ ಬಂದರು, ಕೂಸು ಎತ್ತಿಕೊಂಡೋರು ಎತ್ತಿಕೊಂಡೇ ಬಂದರು. ಗೇಟು ತೆಗೆಯೋಕೆ ಆರ್ಡರ್ ಇಲ್ಲ ಅಂದರು ಒಳಗಿನವರು. "ಆರ್ಡರ್ ಬರೋ ತನಕ ನಮಗೂ ಬೇರೆ ಕೆಲಸ ಇಲ್ಲ" ಅಂತ ಅಕ್ಕ ಮಣ್ಣಲ್ಲೇ ಚಕ್ಕಂಬಕ್ಕಳ ಹಾಕಿದಳು. ಮೂರು ಗಂಟೆ. ಒಬ್ಬರೂ ಏಳಲಿಲ್ಲ. ಕೊನೆಗೆ ಆ ಅಧಿಕಾರಿಯೇ ಪೊಲೀಸರನ್ನ ಕರೆಸಿ ಗೇಟು ತೆಗೆಸಿದ್ರು.

ತಗಡು ಎತ್ತಿದ್ರು. ಕಬ್ಬಿಣದ ಬಾಗಿಲು ಮುಚ್ಚಿದ ಹಾಗೇ ಇತ್ತು. ಹೊರಗಡೆ ಸರಪಳಿ, ಸರಪಳಿಗೆ ಬೀಗ. ಬಾಗಿಲ ಒಳಗಡೆ, ಅದಕ್ಕೇ ಒರಗಿಕೊಂಡು... ತಾತ ಇದ್ದ.

ನೋಡಬೇಡ ಬಾ ಅಂತ ಅಕ್ಕನ ತೋಳು ಹಿಡಿದು ಎಳೆದರು. "ಎಪ್ಪತ್ತು ದಿನ ನೋಡದೇ ಇದ್ದದ್ದು ಸಾಕು" ಅಂತ ಅವಳು ಅಲ್ಲೇ ನಿಂತಳು.

ಮ್ಯಾನೇಜರನ್ನ ಪೊಲೀಸರು ಕರ್ಕೊಂಡು ಹೋದರು. ಕಾರ್ಖಾನೆಗೆ ಪರವಾನಗಿ ಸಿಗಲಿಲ್ಲ. ಮಾಲೀಕ ಸುಮ್ಮನಿರ್ತಾನಾ, ಇನ್ನೊಂದು ಊರಲ್ಲಿ ಅರ್ಜಿ ಹಾಕಿದ. ಅಲ್ಲಿನ ಸಭೆಗೂ ಅಕ್ಕ ಮಗಳ ಕೈ ಹಿಡ್ಕೊಂಡು ಬಸ್ ಹತ್ತಿದಳು. ಹೊರಗಿನೋರು ಮಾತಾಡೋ ಹಾಗಿಲ್ಲ ಅಂದರಂತೆ. "ನಾನು ಮಾತಾಡಲ್ಲ" ಅಂತ ಮೈಕನ್ನ ಮಗೂ ಎದೆಗೆ ಹಿಡಿದಳಂತೆ. ಆ ಊರೋರೂ ಬೇಡ ಅಂದರು.

ನಮ್ಮ ಶಾಲೆಯ ಹಾಲ್‌ನಲ್ಲಿ ಆವತ್ತು ಕುರ್ಚಿ ಎತ್ತಿಟ್ಟೋನು ನಾನು. ಎಲ್ಲರೂ ಗೇಟಿನ ಕಡೆ ಹೋದ ಮೇಲೆ ಒಂದರ ಮೇಲೊಂದು ಜೋಡಿಸ್ತಿದ್ದೆ. ಕೊನೇ ಸಾಲಿನ ಒಂದು ಕುರ್ಚಿ ಮಾತ್ರ ಜೋಡಣೆಗೆ ಕೂರಲಿಲ್ಲ. ಹೊಸಾ ಪ್ಲಾಸ್ಟಿಕ್ ಕುರ್ಚಿ. ಕೂರೋ ಜಾಗ ಕರಗಿ ಬಟ್ಟಲಿನ ಹಾಗೆ ಇಳಿದಿತ್ತು. ಕುರ್ಚಿಯ ಎರಡೂ ಕೈಗಳ ಮೇಲೆ ಐದೈದು ಬೆರಳಿನ ಗುರುತು. ಮುಟ್ಟಿ ನೋಡಿದೆ... ಇನ್ನೂ ಬಿಸಿ ಇತ್ತು.

ಶಾಲೆಯವರು ಬೇಡ ಅಂದರು, ನಾನೇ ಮನೆಗೆ ತಂದೆ. ಹಿತ್ತಲಲ್ಲಿದೆ. ನಂಬದೋರು ಈಗಲೇ ಹೋಗಿ ನೋಡಿ... ಧೈರ್ಯ ಇದ್ರೆ ಕೂತೂ ನೋಡಿ.