ಬಿಗಿಯುವ ಮೊದಲೇ ಇಟ್ಟ ಬೊಟ್ಟು

ರಾತ್ರಿ ಹನ್ನೊಂದು ದಾಟಿತ್ತು. ನಮ್ಮ ದೊಡ್ಡಪ್ಪನ ಮಗ ತನ್ನ ಅಕ್ಕನ ಮನೆಯಲ್ಲಿ ಹೊಟ್ಟೆ ಬಿರಿಯ ಉಂಡು, ಉಂಡದ್ದಕ್ಕಿಂತ ಜಾಸ್ತಿ ಬಡಾಯಿ ಕೊಚ್ಚಿ, ಹಾಳುಬಾವಿಯ ದಾರಿಯಲ್ಲಿ ಒಬ್ಬನೇ ಮನೆಗೆ ನಡೆದು ಬರ್ತಿದ್ದ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ಮನೆತನದಲ್ಲೇ ಆದದ್ದು. ನಂಬದವರು ಬೆಳಗಾದ ಮೇಲೆ ಅವನನ್ನೇ ಹೋಗಿ ಕೇಳಬಹುದು... ಅವನು ಬಾಯಿ ಬಿಡಲ್ಲ, ಅದು ಬೇರೆ ಮಾತು. ನಾಚಿಕೆ ಅವನಿಗೆ.

ಅವನನ್ನ ಎಲ್ಲರೂ ಕರೆಯೋದು ಕಿವಿಯಪ್ಪ ಅಂತ. ಕಾರು ರಿಪೇರಿ ಮಾಡೋನು. ಕೆಲಸ ಗೊತ್ತಿತ್ತು, ಇಲ್ಲ ಅನ್ನಲ್ಲ. ಆದರೆ ಗೊತ್ತಿದ್ದ ಕೆಲಸಕ್ಕಿಂತ ಮೂರು ಪಟ್ಟು ಜಂಭ. ಗಿರಾಕಿ ಬಂದು "ಸ್ಟೀರಿಂಗ್ ತಿರುಗಿಸಿದ್ರೆ ಏನೋ ಒಂಥರಾ..." ಅಂತ ಬಾಯಿ ತೆಗೆಯೋದೇ ತಡ, ಕೈ ಅಡ್ಡ ಹಿಡೀತಿದ್ದ. "ನೀವು ಸುಮ್ನಿರಿ ಸ್ವಾಮಿ. ಕಾರೇ ನಂಗೆ ಹೇಳುತ್ತೆ." ಹೇಳಿ ಕಣ್ಣು ಮುಚ್ಚಿ ಕಿವಿ ಕೊಡೋನು. ಗುಂಡಿಗೆ ಇಳಿದಾಗ 'ಧಡ್' ಅಂದ್ರೆ ಶಾಕ್ ಅಬ್ಸಾರ್ಬರ್. 'ಕಿರ್ರ್' ಅಂದ್ರೆ ರಬ್ಬರ್ ಬುಷ್ಷು. ತಿರುವಿನಲ್ಲಿ 'ಕಟಕಟಕಟ' ಅಂದ್ರೆ ಆಕ್ಸಲ್ಲು. 'ಊಂ...' ಅಂತ ನರಳಿದ್ರೆ ಪವರ್ ಸ್ಟೀರಿಂಗಿಗೆ ಎಣ್ಣೆ ಇಲ್ಲ. ಹಳೇ ಕಾರು ಇಟ್ಟುಕೊಂಡವರೆಲ್ಲ ಅವನ ಪಾಲಿಗೆ ಜಿಪುಣರು. ಹೊಸಾ ಕಾರಿನವರೆಲ್ಲ ದಡ್ಡರು. ಸೈಕಲ್ಲಿನವರನ್ನಂತೂ ಮನುಷ್ಯರ ಜಾತಿಗೇ ಸೇರಿಸ್ತಿರಲಿಲ್ಲ.

ಕೆಲಸ ಕಲಿಸಿದ ಮೇಸ್ತ್ರಿಯನ್ನೂ ಬಿಟ್ಟಿರಲಿಲ್ಲ. ಮೇಸ್ತ್ರಿ ಆರಡಿ ಮೇಲಿನ ಆಳು, ಯಾವ ಕಾರು ಹತ್ತಿದ್ರೂ ಮೊದಲು ಸೀಟನ್ನ ಹಿಂದಕ್ಕೆ ತಳ್ಳೋನು; ತೀರಿಕೊಂಡು ಆಗ ನಾಲ್ಕು ತಿಂಗಳು. ಬದುಕಿದ್ದಾಗ ಎರಡು ಮಾತು ಅರೆದು ಅರೆದು ಕುಡಿಸಿದ್ದ. ನಟ್ಟನ್ನ ಪೂರ್ತಿ ಬಿಗಿದ ಮೇಲೇ ಅದರ ತಲೆ ಮೇಲೊಂದು ಬಣ್ಣದ ಬೊಟ್ಟಿಡು, 'ಇದಾಯ್ತು' ಅನ್ನೋದಕ್ಕೆ ಅದೇ ಗುರುತು, ಅಂತ. ಆಮೇಲೆ, ಕೆಲಸ ಮುಗಿದ ಮೇಲೆ ಒಬ್ಬ ಸೀಟಿನಲ್ಲಿ ಕೂತು ಸ್ಟೀರಿಂಗನ್ನ ಎಡಕ್ಕೆ ಬಲಕ್ಕೆ ಚೂರು ಚೂರೇ ಆಡಿಸಬೇಕು, ಇನ್ನೊಬ್ಬ ಕೆಳಗೆ ಮಲಗಿ ಒಂದೊಂದು ಜಾಯಿಂಟಿನ ಮೇಲೂ ಬೆರಳಿಟ್ಟು ನೋಡಬೇಕು, ಅಂತ. "ಕಿವಿಗೆ ಮೋಸ ಆಗುತ್ತೆ ಕಣೋ. ಬೆರಳಿಗೆ ಆಗಲ್ಲ."

ಕಿವಿಯಪ್ಪ ಹಲ್ಲು ಕಿರಿದಿದ್ದ. ಒಬ್ಬನ ಕೆಲಸಕ್ಕೆ ಇಬ್ಬರು ಬೇಕಾದ್ರೆ ಅದು ಗ್ಯಾರೇಜಲ್ಲ, ದಿಬ್ಬಣ ಅಂದಿದ್ದ. ಬೊಟ್ಟಿನ ವಿಷಯದಲ್ಲೂ ತನ್ನದೇ ಪದ್ಧತಿ. ಎಲ್ಲಾ ನಟ್ಟುಗಳಿಗೂ ಮೊದಲೇ ಸಾಲಾಗಿ ಕೆಂಪು ಬೊಟ್ಟು ಇಟ್ಟುಬಿಡೋದು, ಆಮೇಲೆ ಸ್ಪ್ಯಾನರ್ ಹಿಡಿಯೋದು. ಬ್ರಷ್ಷು ಒಂದೇ ಸಲ ತೆಗೆದರಾಯ್ತಲ್ಲ! ಬುದ್ಧಿವಂತ.

ಅವತ್ತು ರಿಪೇರಿಗೆ ಬಂದದ್ದು ಅವನ ಅಕ್ಕನದೇ ಕಾರು. ಹದಿನೇಳು ವರ್ಷದ ಸೆಡಾನು. ನೋಡೋಕೆ ಉದ್ದಕ್ಕೆ ಗಂಭೀರವಾಗಿತ್ತು, ನಡಿಗೆ ಮಾತ್ರ ಕುಡುಕನದು. ಕೈ ಬಿಟ್ಟರೆ ಎಡಕ್ಕೇ ಎಳೀತಿತ್ತು. ಸ್ಟೀರಿಂಗಿನಲ್ಲಿ ಅರ್ಧ ಗೇಣು ಸಡಿಲ... ತಿರುಗಿಸಿ, ಒಂದು ಕೆಮ್ಮು ಕೆಮ್ಮಿ ಮುಗಿಸಿದ ಮೇಲೆ ಚಕ್ರ ತಿರುಗೋದು. ಉಬ್ಬು ಹತ್ತಿ ಇಳಿದ್ರೆ ಮೂತಿ ಮೂರು ಸಲ ಹೂಂಗುಟ್ಟೋದು. ಮುಂದಿನ ಟೈರುಗಳು ಒಳಮಗ್ಗುಲಲ್ಲಿ ಬೋಳಾಗಿದ್ದವು. ಮರುದಿನ ಬೆಳಗಿನ ಜಾವ ಐದಕ್ಕೆ ಅಕ್ಕ ಅದೇ ಕಾರಿನಲ್ಲಿ ಮಗಳನ್ನೂ ಅತ್ತೆಯನ್ನೂ ಕೂರಿಸಿಕೊಂಡು ಬೆಟ್ಟ ಹತ್ತಬೇಕಿತ್ತು. ಮಗಳನ್ನ ಹಾಸ್ಟೆಲಿಗೆ ಬಿಡೋದಕ್ಕೆ. ಹನ್ನೆರಡು ತಿರುವು. ಎಡಗಡೆ ಪೂರ್ತಿ ಕಮರಿ.

ಕಿವಿಯಪ್ಪ ಶಾಕ್ ಅಬ್ಸಾರ್ಬರ್ ಬದಲಾಯಿಸಿದ. ಎರಡೂ ಕಡೆ ಚಕ್ರವನ್ನ ಹಿಡಿದಿರೋ ಕೆಳಗಿನ ಕಬ್ಬಿಣದ ತೋಳು, ಅದರ ತುದಿಯ ಬಾಲ್ ಜಾಯಿಂಟು, ಎಲ್ಲಾ ಹೊಸದು ಹಾಕಿದ. ಚಕ್ರ ಕಾರಿಗೆ ಅಂಟಿಕೊಂಡು ನಿಲ್ಲೋದೇ ಆ ಬಾಲ್ ಜಾಯಿಂಟಿನ ಮೇಲೆ. ಅದು ಕಳಚಿದ್ರೆ ಚಕ್ರ ಮಡಚಿಕೊಳ್ಳುತ್ತೆ. ಸ್ಟೀರಿಂಗ್ ಕೈಯಲ್ಲೇ ಇರುತ್ತೆ, ಕಾರು ಮಾತ್ರ ತನ್ನ ದಾರಿ ನೋಡಿಕೊಳ್ಳುತ್ತೆ. ಎರಡೂ ಜಾಯಿಂಟಿಗೆ ನಟ್ಟು ಕೂರಿಸಿ, ಬೊಟ್ಟಿಟ್ಟು, ಬಲಗಡೆಯದನ್ನ ಬಿಗಿದ. ಎಡಗಡೆಯದಕ್ಕೆ ಸ್ಪ್ಯಾನರ್ ಹಾಕಬೇಕು... ಅಷ್ಟರಲ್ಲಿ ಪಕ್ಕದ ದರ್ಜಿ ಬಂದ.

"ಏನಯ್ಯಾ, ಹೋದ ವಾರ ಸರಿ ಮಾಡಿದ ನನ್ನ ಕಾರು ಮತ್ತೆ ಎಡಕ್ಕೆ ಎಳೀತಿದೆ?"

"ಕಾರು ಎಳೀತಿಲ್ಲ, ನೀವು ಎಳೀತಿದ್ದೀರಿ. ಬಟ್ಟೆ ಕತ್ತರಿಸೋ ಕೈಗೆ ಸ್ಟೀರಿಂಗ್ ಕೊಟ್ರೆ ಇನ್ನೇನಾಗುತ್ತೆ?"

"ನಿನ್ನ ಪ್ಯಾಂಟು ಹೊಲಿದದ್ದೂ ಇದೇ ಕೈ. ಅದು ಯಾವತ್ತಾದ್ರೂ ಎಡಕ್ಕೆ ಎಳೀತಾ?"

ಶುರುವಾಯ್ತು. ಅರ್ಧ ಗಂಟೆ ಬೀದಿಯಲ್ಲಿ ನಿಂತು ಜಗಳ. ಗೆದ್ದೆ ಅಂದುಕೊಂಡು ಎದೆ ಉಬ್ಬಿಸಿ ವಾಪಸ್ ಬಂದ, ಬಗ್ಗಿ ನೋಡಿದ. ಎಡಗಡೆಯ ನಟ್ಟಿನ ಮೇಲೆ ಕೆಂಪು ಬೊಟ್ಟು ಫಳಫಳ. 'ಆಗಿದೆ' ಅಂದುಕೊಂಡ. ಚಕ್ರ ಹಾಕಿದ. ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಓಡಿಸಿದ, ಕಿವಿ ಕೊಟ್ಟ. ಒಂದು ಸದ್ದಿಲ್ಲ. ಹೊಸಾ ಜಾಯಿಂಟು, ಸಡಿಲವಿದ್ದರೂ ನಾಲ್ಕು ಗುಂಡಿ ಕಾಣೋವರೆಗೆ ಬಾಯಿ ಬಿಡಲ್ಲ. ಕಾರು ಅಕ್ಕನ ಅಂಗಳ ಸೇರಿತು.

ಊಟಕ್ಕೆ ಕೂತಾಗ ಭಾವ ಮೆಲ್ಲಗೆ ಕೇಳಿದ್ರು. "ಬೆಟ್ಟದ ದಾರಿ ಕಣಯ್ಯಾ. ಇನ್ನೊಂದ್ಸಲ ಕೆಳಗೆ ನೋಡ್ಬಿಡ್ತೀಯಾ?"

"ಭಾವ, ನಿಮ್ಮ ಆಫೀಸಿಗೆ ಬಂದು ನಾನು ನಿಮ್ಮ ಫೈಲು ಇನ್ನೊಂದ್ಸಲ ನೋಡ್ತೀನಾ?"

"ಅವನನ್ನ ಬಿಟ್ಬಿಡಿ" ಅಂದಳು ಅಕ್ಕ. "ಹುಟ್ಟಿದಾಗಲೇ ಸೂಲಗಿತ್ತಿಗೆ ಬುದ್ಧಿ ಹೇಳಿದೋನು ಅವನು."

ಎಲ್ಲರೂ ನಕ್ಕರು. ಅವನೂ ನಕ್ಕ, ಹೊಗಳಿದ್ರು ಅಂದುಕೊಂಡು.

ಹಾಗೆ ಉಂಡು ಬರ್ತಿದ್ದ. ಬಾವಿಯ ಹತ್ತಿರ ರಸ್ತೆ ಎಡಕ್ಕೆ ಬಾಗುತ್ತೆ. ಬೀದಿದೀಪ ಇಲ್ಲ. ಬಾವಿಗೆ ಯಾವುದೋ ಕಾಲದಲ್ಲಿ ಕಲ್ಲು ಮಣ್ಣು ಸುರಿದು ಮುಚ್ಚಿದಾರೆ, ಮೊಣಕಾಲೆತ್ತರದ ಕಟ್ಟೆ ಮಾತ್ರ ಉಳಿದಿದೆ. ಗಾಳಿ ಸುಳಿಯುತ್ತಿರಲಿಲ್ಲ. ಆಗ...

ಟೊಕ್.

ಹಿಂದುಗಡೆ. ಅವನು ನಡಿಗೆ ನಿಧಾನ ಮಾಡಿದ.

ಟೊಕ್... ಟೊಕ್.

'ಬಾಲ್ ಜಾಯಿಂಟು' ಅಂದುಕೊಂಡ. 'ಎಡಗಡೆ, ಕೆಳಗಿನದು. ಯಾವನೋ ದರಿದ್ರದವನು ಬಿಗಿಯದೇ ಓಡಿಸ್ತಿದಾನೆ.' ದಾರಿ ಬಿಡೋಣ ಅಂತ ಪಕ್ಕಕ್ಕೆ ಸರಿದು ತಿರುಗಿ ನೋಡಿದ.

ರಸ್ತೆ ಖಾಲಿ.

ದೀಪವಿಲ್ಲ. ಇಂಜಿನ್ನಿನ ಸದ್ದಿಲ್ಲ. ಟೈರು ಜಲ್ಲಿಯ ಮೇಲೆ ಉರುಳೋ 'ಚರಚರ' ಮಾತ್ರ. ಅದರ ಜೊತೆಗೆ ಟೊಕ್... ಟೊಕ್... ಹತ್ತಿರ ಬಂತು. ಮಗ್ಗುಲಿಗೇ ಬಂತು. ಮೊಣಕಾಲಿಗೆ ಬಿಸಿಗಾಳಿ ತಾಗಿತು. ದಾಟಿ ಮುಂದೆ ಹೋಯ್ತು. ತಿರುವಿನಲ್ಲಿ...

'ಟಕ್ಕ್!'

ಕಬ್ಬಿಣ ಕಳಚಿದ ಸದ್ದು. ಆಮೇಲೆ 'ಕರ್ರ್ರ್' ಅಂತ ನೆಲ ಕೆರೆದದ್ದು. ಆಮೇಲೆ ಏನೂ ಇಲ್ಲ... ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು. ಆಮೇಲೆ ತುಂಬಾ ಕೆಳಗಿನಿಂದ, ಆ ಮುಚ್ಚಿದ ಬಾವಿಯೊಳಗಿಂದ, 'ಧುಡುಂ'.

ನೀರಿಗೆ ಬಿದ್ದ ಹಾಗೆ.

ನಮ್ಮ ಶೂರ ಕದಲಲಿಲ್ಲ. ತಲೆಯೊಳಗೆ ಒಂದೊಂದೇ ಎದ್ದು ಕೂತವು. ಬ್ರಷ್ಷು. ಬೊಟ್ಟು. ಬಲಗಡೆ ಬಿಗಿದದ್ದು ನೆನಪಿದೆ, ಮೊಣಕೈ ಗೀಚಿತ್ತು. ಎಡಗಡೆ... ಎಡಗಡೆ ದರ್ಜಿ.

ಈಗ ಕೇಳಿ ಅವನ ಯೋಗ್ಯತೆ. ಅಷ್ಟು ಗೊತ್ತಾದ ಮೇಲೂ ಇಪ್ಪತ್ತು ಹೆಜ್ಜೆ ತನ್ನ ಮನೆ ಕಡೆಗೇ ಇಟ್ಟ! ಈಗ ಹೋಗಿ ಬಾಗಿಲು ತಟ್ಟಿದ್ರೆ ಭಾವ ಕೇಳ್ತಾರೆ. ಏನನ್ನೋದು? ಮರೆತೆ ಅನ್ನೋದಾ? ಅಕ್ಕನ ಮಗಳು ಕಾರಿನಲ್ಲಿ ಯಾವಾಗಲೂ ಎಡಗಡೆಯ ಕಿಟಕಿಗೇ ಹಣೆ ಆನಿಸಿ ಕೂರ್ತಾಳೆ, ವಾಂತಿ ಬರುತ್ತೆ ಅಂತ. ಅದು ನೆನಪಾದ ಮೇಲೆ ಇಪ್ಪತ್ತೊಂದನೇ ಹೆಜ್ಜೆ ಏಳಲಿಲ್ಲ. ತಿರುಗಿದ. ಗ್ಯಾರೇಜಿನಿಂದ ಜ್ಯಾಕು, ಸ್ಪ್ಯಾನರು, ಟಾರ್ಚು ಹೊತ್ತುಕೊಂಡ. ಯಾರಿಗೂ ಎಚ್ಚರ ಆಗಬಾರದು, ಸದ್ದಿಲ್ಲದೆ ಬಿಗಿದು ಬಂದುಬಿಡೋಣ ಅಂತ ಅಕ್ಕನ ಅಂಗಳಕ್ಕೆ ಕಳ್ಳನ ಹಾಗೆ ನುಗ್ಗಿದ. ಸ್ವಂತ ಅಕ್ಕನ ಮನೆಗೆ!

ಜ್ಯಾಕು ಎತ್ತಿದ. 'ಕಿಟ್... ಕಿಟ್... ಕಿಟ್.' ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಎಡಚಕ್ರದ ಹಿಂದೆ ತೂರಿದ. ನಟ್ಟು ಕಂಡಿತು. ಅದರ ಮೇಲೆ ಕೆಂಪು ಬೊಟ್ಟು, ದುಂಡಗೆ, ಚೆಂದವಾಗಿ.

ಹೆದರಿಕೆ ಇಳಿಯಿತು. ಇಳಿದ ಕೂಡಲೇ ಜಂಭ ಏರಿತು. 'ನೋಡು, ಬಿಗಿದೇ ಇದೆ. ಗಾಳಿ ಸದ್ದಿಗೆ ಹೆದರಿದ್ನಲ್ಲ, ಥೂ!' ಸ್ಪ್ಯಾನರ್ ಮುಟ್ಟಲೇ ಇಲ್ಲ. ಹೊರಗೆ ಜರುಗೋಕೆ ಮೊಣಕೈ ಊರಿದ.

ಆಗ ಸ್ಟೀರಿಂಗ್ ಆಡಿತು.

ಮೇಲೆ ಯಾರೋ ಕೂತು ಆಡಿಸಿದ ಹಾಗೆ. ಎಡಕ್ಕೆ ಚೂರು. ಬಲಕ್ಕೆ ಚೂರು. ತೂಗುಬಿಟ್ಟ ಚಕ್ರ ಅವನ ಕಿವಿಯ ಪಕ್ಕ ತಿರುಗಿತು, 'ಸುಯ್'... ಮತ್ತೆ 'ಸುಯ್'.

ಅಕ್ಕನಿಗೆ ಎಚ್ಚರವಾಗಿ ಬಂದು ಕೂತಿದಾಳೆ ಅಂದುಕೊಂಡ. ಮಾನ ಹೋಯ್ತು. ಹೋದದ್ದು ಹೋಯ್ತು ಅಂತ ಬೆರಳನ್ನ ಜಾಯಿಂಟಿನ ಮೇಲೆ ಇಟ್ಟ.

ಟೊಕ್.

ಬೆರಳಿನಡಿ. ನಾಡಿ ಬಡಿದ ಹಾಗೆ. ನಟ್ಟು ಹಿಡಿದ, ಬರಿಗೈಯಲ್ಲೇ ತಿರುಗಿತು. ಎಳೇ ಮಗು ಕೂಡ ಬಿಚ್ಚಬಹುದಿತ್ತು. ಸ್ಪ್ಯಾನರ್ ಹಾಕಿದ. ನಾಲ್ಕು ಸುತ್ತು ಹೋಯ್ತು. ಐದನೆಯದಕ್ಕೆ 'ಗಕ್' ಅಂತ ಕೂತಿತು. ಬೆವರು ಕಣ್ಣಿಗೆ ಇಳಿಯುತ್ತಿತ್ತು.

"ಅಕ್ಕಾ... ಸಾಕು" ಅಂತ ಟಾರ್ಚನ್ನ ಬಾಯಿಂದ ತೆಗೆದು ಪಿಸುಗುಟ್ಟಿದ.

ಸ್ಟೀರಿಂಗ್ ನಿಂತಿತು.

"ಭಾವನಿಗೆ ಹೇಳ್ಬೇಡ."

ಮೇಲಿಂದ, ಗಾಜಿನ ಆಚೆಯಿಂದ ಬಂದ ಹಾಗೆ, ತುಂಬಾ ಸಣ್ಣಗೆ...

"ಬಲಗಡೆ?"

"ಬಲಗಡೆ ಸರಿಯಾಗಿದೆ. ನಾನೇ ಬಿಗಿದದ್ದು."

ಸುಯ್. ಸುಯ್. ಮತ್ತೆ ಆಡತೊಡಗಿತು. ಅವಸರವಿಲ್ಲ. ನಿಲ್ಲಿಸೋ ಲಕ್ಷಣವೂ ಇಲ್ಲ.

"ಹೇಳಿದ್ನಲ್ಲ, ಸರಿಯಾಗಿದೆ ಅಂತ!"

ಸುಯ್. ಸುಯ್. ಸುಯ್.

ಗೊಣಗಿಕೊಂಡು, ಹಲ್ಲು ಕಡಿದುಕೊಂಡು, ಆ ಕಡೆಗೆ ತೆವಳಿ ಬಲಗಡೆಯ ನಟ್ಟಿಗೂ ಸ್ಪ್ಯಾನರ್ ಹಾಕಿದ. ಅದೂ ಅರ್ಧ ಸುತ್ತು ಹೋಯ್ತು. ಇದು, ಸ್ವತಃ ತಾನೇ ಬಿಗಿದದ್ದು! ಆಗ ಮಾತ್ರ ಸ್ಟೀರಿಂಗ್ ನಿಂತಿತು.

ಕಾರಿನಡಿಯಿಂದ ಎದ್ದು ಬಂದ. ಬೈಸಿಕೊಳ್ಳೋಕೆ ಮುಖ ಸಿದ್ಧ ಮಾಡಿಕೊಂಡು ಗಾಜಿನೊಳಕ್ಕೆ ಟಾರ್ಚು ಬಿಟ್ಟ.

ಸೀಟು ಖಾಲಿ.

ಬಾಗಿಲು ಎಳೆದ. ಬೀಗ. ಆ ಕಡೆಯದು ಎಳೆದ. ಬೀಗ. ನಾಲ್ಕಕ್ಕೂ ಬೀಗ, ನಾಲ್ಕೂ ಗಾಜು ಮೇಲೆ. ಅಷ್ಟರಲ್ಲಿ ಮನೆಯ ಚಿಲಕ 'ಖಟ್' ಅಂತ ತೆರೆದು ಅಕ್ಕ ಹೊಸಿಲಲ್ಲಿ ನಿಂತಳು. ಕೆದರಿದ ತಲೆ, ಅರ್ಧ ಮುಚ್ಚಿದ ಕಣ್ಣು. ಕಾರಿನ ಕೀಲಿ ಅವಳ ಹಿಂದೆ ಗೋಡೆಯ ಮೊಳೆಗೆ ನೇತಾಡ್ತಿತ್ತು. ಕೀಲಿ ತೆಗೆದ ಮೇಲೆ ಆ ಕಾರಿನ ಸ್ಟೀರಿಂಗ್ ಲಾಕ್ ಆಗುತ್ತೆ. ಆನೆ ಬಂದ್ರೂ ಅಲ್ಲಾಡಲ್ಲ.

"ಯಾರ ಜೊತೆ ಗುಸುಗುಸು ನಿಂದು?"

"ನೀನು... ಈಗ ಸೀಟಲ್ಲಿ ಕೂತಿರಲಿಲ್ವಾ?"

"ಈಗ ಎದ್ದೆ. ಏನ್ ಮಾಡ್ತಿದ್ದೀಯ ಇಷ್ಟೊತ್ತಲ್ಲಿ?"

ಕಿವಿಯಪ್ಪನ ಬಾಯಿಂದ ಹುಟ್ಟಿದಾಗಿನಿಂದ ಬಾರದ ಮಾತು ಬಂತು.

"ಮರೆತಿದ್ದೆ ಅಕ್ಕಾ. ಎಡಗಡೆ ಬಿಗಿದೇ ಇರಲಿಲ್ಲ."

ಅಕ್ಕ ಅವನನ್ನ ಮೇಲಿಂದ ಕೆಳಗೆ ನೋಡಿದಳು. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. "ಜಗಲಿ ಮೇಲೆ ಮಲಕ್ಕೋ" ಅಂದು ಒಳಗೆ ಹೋದಳು. ಅವನು ಬೆಳಗಿನವರೆಗೆ ಕಾರಿಗೆ ಬೆನ್ನು ಹಾಕದೆ ಕೂತಿದ್ದ. ಎಷ್ಟು ಧೈರ್ಯ ನೋಡಿ!

ಇದರಲ್ಲಿ ಒಂದಕ್ಷರ ನಾನು ಸೇರಿಸಿಲ್ಲ. ಅವರು ಬೆಟ್ಟ ಹತ್ತಿದ್ದೂ ನಿಜ, ಹುಡುಗಿ ಹಾಸ್ಟೆಲ್ ಸೇರಿದ್ದೂ ನಿಜ, ಅಕ್ಕ ಹನ್ನೆರಡು ತಿರುವನ್ನೂ ಇಳಿದು ಸಂಜೆಗೆ ಮನೆ ಮುಟ್ಟಿದ್ದೂ ನಿಜ. ಐದಕ್ಕೆ ಹೊರಡಬೇಕಿದ್ದವರು ಐದೂವರೆಗೆ ಹೊರಟ್ರು, ಅಷ್ಟೇ ವ್ಯತ್ಯಾಸ. ಯಾಕೆ ಅಂದ್ರೆ, ಅಕ್ಕ ಕೀಲಿ ಹಾಕಿ ಬಾಗಿಲು ತೆಗೆದು ಸೀಟಿನಲ್ಲಿ ಕೂತಾಗ ಅವಳ ಕಾಲು ಬ್ರೇಕಿಗೆ ಎಟುಕಲಿಲ್ಲ. ಸೀಟು ಹಿಂದಿನ ಕೊನೇ ಹಲ್ಲಿಗೆ ಸರಿದಿತ್ತು. ಅದರ ಕಂಬಿಗೆ ತುಕ್ಕು ಹಿಡಿದು ಆರು ವರ್ಷದಿಂದ ಆ ಸೀಟು ಹಿಂದಕ್ಕೂ ಹೋಗ್ತಿರಲಿಲ್ಲ, ಮುಂದಕ್ಕೂ ಬರ್ತಿರಲಿಲ್ಲ. ಕಿವಿಯಪ್ಪ, ಭಾವ ಇಬ್ಬರೂ ಸೇರಿ ಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ಬಡಿದು, ಮೊದಲಿನ ಜಾಗಕ್ಕೆ ತರೋಕೆ ಅರ್ಧ ಗಂಟೆ ಹಿಡೀತು.