ಬ್ಯಾಟರಿ ಇಲ್ಲದ ಕಾರಿನ ವೈಪರ್

ಇದು ಕಟ್ಟುಕತೆಯಲ್ಲ. ನಮ್ಮ ಪಕ್ಕದ ಮನೆಯವನಿಗೇ ಆದದ್ದು. ಕಾರುಗಳ ಎಲೆಕ್ಟ್ರಿಷಿಯನ್ ಅವನು. ಕಿಸೆಯಲ್ಲಿ ಸದಾ ಟೆಸ್ಟರ್ ಇರುತ್ತದೆ ಅಂತ ಎಲ್ಲರೂ ಕರೆಯುವುದೇ ಟೆಸ್ಟರ್ ಎಂದು. ದೆವ್ವ ಅಂದರೆ 'ಅದಕ್ಕೆ ಎಷ್ಟು ವೋಲ್ಟು?' ಅಂತ ಕೇಳುವ ಆಸಾಮಿ.

ಅವತ್ತು ಎಲ್ಲೋ ಕೆಟ್ಟು ನಿಂತ ಲಾರಿ ನೋಡಿ ವಾಪಸಾಗುವಾಗ ರಾತ್ರಿ ಹನ್ನೊಂದೂವರೆ. ಹಾಳುಬಾವಿ ದಾಟಿ ನಡೆದು ಬರುತ್ತಿದ್ದ. ಆಕಾಶದ ತುಂಬ ನಕ್ಷತ್ರ. ಬಾವಿಯ ಪಕ್ಕದಲ್ಲೇ ಅವನ ಷೆಡ್ಡು. ಒಳಗಿನಿಂದ ಸದ್ದು ಬಂತು.

ಸರ್ರ್... ಟಕ್. ಸರ್ರ್... ಟಕ್.

ವೈಪರಿನ ರಬ್ಬರು ಒದ್ದೆ ಗಾಜಿನ ಮೇಲೆ ಹೋಗಿ ಬರುವ ಸದ್ದು. ಷೆಡ್ಡಿನಲ್ಲಿದ್ದದ್ದು ಒಂದೇ ಕಾರು... ಭಾವನದು.

ಭಾವ ಅಂದರೆ ಅಕ್ಕನ ಗಂಡ. ವೈಪರ್ ನಿಂತುಹೋಗಿದೆ ಅಂತ ತಿಂಗಳ ಹಿಂದೆ ಆ ಹಳೇ ಕಾರು ತಂದಿದ್ದರು. ಟೆಸ್ಟರ್ ಫ್ಯೂಸು ನೋಡಿದ, ಸರಿಯಿತ್ತು. ಮೋಟರ್ ಹೊರತೆಗೆದು ಬ್ಯಾಟರಿಯಿಂದ ನೇರ ಕರೆಂಟು ಕೊಟ್ಟ, ಗುಂಯ್ ಅಂತ ತಿರುಗಿತು. ಹಾಗಾದರೆ ಅರ್ತ್ ವೈರಿನದೇ ತೊಂದರೆ ಅಂತ ಅದರ ತುಕ್ಕು ಉಜ್ಜಿ, ಎಲ್ಲ ಕೂರಿಸಿ ಕಳಿಸಿಬಿಟ್ಟ. ಒಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು ಸವೆದ ಮೋಟರು ಕೈಯಲ್ಲಿ ಹಿಡಿದಾಗ ಚೆನ್ನಾಗಿಯೇ ತಿರುಗುತ್ತದೆ, ಮಳೆಯಲ್ಲಿ ವೈಪರ್ ಕಡ್ಡಿಗಳ ಭಾರ ಬಿದ್ದಾಗ ಕೈಕೊಡುತ್ತದೆ. ಅದಕ್ಕೇ ಒಳಗೂ ಬಿಚ್ಚಿ ನೋಡಬೇಕು. ಇದು ಅವನಿಗೆ ಗೊತ್ತಿಲ್ಲದ್ದಲ್ಲ. ಊಟದ ಹೊತ್ತಾಗಿತ್ತು, ನೋಡಲಿಲ್ಲ.

ಅದೇ ದಿನ ರಾತ್ರಿ ಮಳೆಯಲ್ಲಿ ಕಾರು ತಿರುವು ತಪ್ಪಿ ಹಳ್ಳಕ್ಕಿಳಿಯಿತು. ಮುಂದಿನ ಗಾಜಿಗೆ ಒಂದು ಬಿರುಕೂ ಬಂದಿರಲಿಲ್ಲ. ಭಾವ ಉಳಿಯಲಿಲ್ಲ. ಕಾರನ್ನು ಎಳೆದು ತಂದು ಇವನ ಷೆಡ್ಡಿನಲ್ಲೇ ನಿಲ್ಲಿಸಿದ್ದರು.

"ವೈಪರ್ ಸರಿ ಮಾಡಿಕೊಟ್ಟಿದ್ದೆ ತಾನೇ?" ಅಂತ ಅಕ್ಕ ಕೇಳಿದ್ದಳು. "ಹೂಂ" ಅಂದಿದ್ದ. ನಿಜವೋ ಸುಳ್ಳೋ ಅವನಿಗೇ ಗೊತ್ತಿರಲಿಲ್ಲ. ಮೋಟರ್ ಬಿಚ್ಚಿದರೆ ಗೊತ್ತಾಗುತ್ತಿತ್ತು, ಐದು ನಿಮಿಷದ ಕೆಲಸ. ಪಾಪ, ತಿಂಗಳಾದರೂ ಧೈರ್ಯ ಬಂದಿರಲಿಲ್ಲ.

ಷೆಡ್ಡಿನ ಬಾಗಿಲು ತೆಗೆದ. ಕತ್ತಲಲ್ಲಿ ವೈಪರ್ ಆಡುತ್ತಲೇ ಇತ್ತು. ಬ್ಯಾಟರಿ ಅವನೇ ಕಳಚಿ ಮೂಲೆಯಲ್ಲಿಟ್ಟಿದ್ದ... ಅಲ್ಲೇ ಇದೆ. ಫ್ಯೂಸು ಕಿತ್ತ. ಸರ್ರ್... ಟಕ್. ಮೋಟರಿನ ವೈರು ಎಳೆದ. ಸರ್ರ್... ಟಕ್. ಕೊನೆಗೆ ಬೋಲ್ಟು ಬಿಚ್ಚಿ ಮೋಟರನ್ನೇ ಹೊರಗೆಳೆದ.

ನಿಂತಿತು.

ಆಗ ಡ್ರೈವರ್ ಸೀಟಿನಿಂದ ಪಿಸುದನಿ.

"ಆಯ್ತೇನೋ?"

"...ಇಲ್ಲ ಭಾವ."

"ಬೇಗ ಮಾಡಪ್ಪ. ಮಳೆ ಜೋರಾಗಿದೆ... ಏನೂ ಕಾಣ್ತಿಲ್ಲ."

ಅವನು ತಲೆಯೆತ್ತಲಿಲ್ಲ. ಮೋಟರ್ ಬಿಚ್ಚಿದ. ಕಾರ್ಬನ್ ಸವೆದು ಎಳ್ಳಷ್ಟೇ ಉಳಿದಿತ್ತು. ಅಲ್ಲೇ ಕುಸಿದು ಕೂತು ಅತ್ತ. ಕಪಾಟಿನ ಡಬ್ಬಿಯಲ್ಲಿ ಹೊಸ ಕಾರ್ಬನ್ ಇದ್ದವು. ಅವತ್ತೂ ಅಲ್ಲೇ ಇದ್ದವು. ಹಾಕಿ, ಮೋಟರ್ ಕೂರಿಸಿ, "ಆಯ್ತು ಭಾವ" ಅಂದ.

ವೈಪರ್ ಮೆಲ್ಲಗೆ ಶುರುವಾಯಿತು. ಬೆಳಕು ಹರಿಯುವವರೆಗೂ ನಿಲ್ಲಲಿಲ್ಲ.

ಗಂಡ ಹೋದ ಮೇಲೆ ಅಕ್ಕ ಇವನ ಮನೆಯಲ್ಲೇ ಇದ್ದಳು. ಬೆಳಿಗ್ಗೆ ಇವನು ಮನೆಗೆ ಹೋದಾಗ ಹೊಸ್ತಿಲ ಮೇಲೆ ಕೂತಿದ್ದಳು.

"ನಿಮ್ಮ ಭಾವ ಕನಸಲ್ಲಿ ಬಂದಿದ್ರು ಕಣೋ. ವೈಪರ್ ಈಗ ಓಡ್ತಿದೆಯಂತೆ. ಆದ್ರೂ ರಸ್ತೆ ಕಾಣ್ತಿಲ್ಲವಂತೆ." ಅವನ ಮುಖ ನೋಡಿ ಕೇಳಿದಳು, "ಈಗ ಅಂದ್ರೆ... ಅವತ್ತು ಓಡ್ತಿರಲಿಲ್ವೇನೋ?"

ಅವನು ತಲೆ ತಗ್ಗಿಸಿದ. ಅಕ್ಕ ಎದ್ದು ಒಳಗೆ ಹೋದಳು. ಇವತ್ತಿನವರೆಗೂ ಅವನ ಜೊತೆ ಒಂದು ಮಾತೂ ಆಡಿಲ್ಲ.

ನಂಬದಿದ್ದರೆ ಬಿಡಿ, ನಾನೇನು ಕೈ ಹಿಡಿದು ನಂಬಿಸಲ್ಲ. ಆದರೆ ಆ ಬೆಳಿಗ್ಗೆ ಷೆಡ್ಡಿಗೆ ಹೋಗಿ ಕಣ್ಣಾರೆ ನೋಡಿದ್ದೇನೆ. ರಾತ್ರಿಯಿಡೀ ವೈಪರ್ ಆಡಿದ ಆ ಗಾಜಿನ ಮೇಲೆ ತಿಂಗಳ ಧೂಳು ಹಾಗೇ ಕೂತಿತ್ತು. ಒಂದು ಗೆರೆಯೂ ಮೂಡಿರಲಿಲ್ಲ.