ಇಬ್ಬರ ಜಾಗ

ಇಲೋಯಿಲೋ ಊರಿನಲ್ಲಿ, ಬಾಡಿಗೆಗೆ ಓಡುವ ಉದ್ದ ಜೀಪುಗಳಾದ ಜೀಪ್ನಿಗಳ ನಿಲ್ದಾಣದ ಸರದಿಯಲ್ಲಿ ರೊಮುಲೋ ಮೂರನೆಯವನು. ಮುಂದಿದ್ದ ಇಬ್ಬರು ಹೆಂಗಸರಿಗೆ ಒಬ್ಬರಿಗೊಬ್ಬರ ಗುರುತಿರಲಿಲ್ಲ. ಮೊದಲನೆಯವಳ ಎದೆಯ ಮೇಲೆ ಸೂತಕದ ಕಪ್ಪು ಪಿನ್ನಿತ್ತು. ಅವಳ ಹಿಂದೆ ನಿಂತ ಮುದುಕಿಯ ಕಣ್ಣು ಅದರ ಮೇಲೇ ಇತ್ತು.

“ಮಣ್ಣು ಮಾಡಿ ಬರ್ತಿದೀಯೇನವ್ವ?”

“ಹೂಂ. ಮಗಳನ್ನ.”

“ಅಯ್ಯೋ... ಈಗ ಎಲ್ಲಿಗೆ?”

“ಮನೆಗೆ.”

“ನೇರ ಮನೆಗಾ? ಬೇಡ ಕಣವ್ವ. ನಡುವೆ ಎಲ್ಲಾದ್ರೂ ಕೂತು, ಒಂದು ಲೋಟ ಕಾಫಿ ಕುಡಿದು ಹೋಗು. ಇಲ್ದಿದ್ರೆ ಸತ್ತೋರು ಹಿಂದೇನೇ ಮನೆಗೆ ಬಂದ್ಬಿಡ್ತಾರೆ. ಗೊತ್ತಿಲ್ವಾ?”

“ಗೊತ್ತು ಅಜ್ಜಿ. ಅದಕ್ಕೇ ನೇರ ಹೋಗ್ತಿದೀನಿ.”

ಆ ದನಿಯಲ್ಲಿ ಅಳು ಇರಲಿಲ್ಲ. ಮುದುಕಿ ಶಿಲುಬೆಯ ಗುರುತು ಹಾಕಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಹೆದರಿದಳು ಎಂದುಕೊಂಡ ರೊಮುಲೋ.

ಜೀಪ್ನಿ ಬಂತು. ಪಿನ್ನಿನವಳು ಹತ್ತಿ ಕೂತಳು.

“ಇನ್ನೊಂದು ಜಾಗ ಇದೆ, ಹತ್ತಜ್ಜಿ!” ಎಂದ ಚಾಲಕ.

“ಎಲ್ಲಿದೆ? ಅವಳ ಜೊತೆ ಮಗಳಿದಾಳೆ, ಕಾಣಲ್ವಾ? ನಡಿ ನಡಿ.” ಮುದುಕಿ ರೊಮುಲೋನತ್ತ ತಿರುಗಿದಳು. “ನೀನೂ ನಿಂತ್ಕೊಳಪ್ಪ.”

ಮುಕ್ಕಾಲು ಗಂಟೆಯಿಂದ ಕಾದಿದ್ದ ಅವನು ಮೆಟ್ಟಿಲಿಗಿಟ್ಟ ಕಾಲನ್ನು ಹಿಂದಕ್ಕೆ ತೆಗೆದ.

ಜೀಪ್ನಿ ಹೊರಟಿತು. ಒಳಗೆ ಕೂತವಳು ಪಕ್ಕದ ಖಾಲಿ ಜಾಗದಲ್ಲಿಟ್ಟಿದ್ದ ಚೀಲವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.